ಆಟದ ಮನೆಗೆ ಬಂದ ಕೋಳಿಗಳು

ನನ್ನ ಮೊಮ್ಮಗಳಿಗೆ ಇಬ್ಬರು ಅಜ್ಜಿಯರು. ಒಬ್ಬಳು ನಾನು, ಅವಳ ಅಮ್ಮನ ಅಮ್ಮ, ಅಜ್ಜಂಪುರದಲ್ಲಿರುವವಳು. ಇನ್ನೊಬ್ಬಳು ನನ್ನ ಬೀಗಿತ್ತಿ, ಅವಳ ಅಪ್ಪನ ಅಮ್ಮ, ಹಿರೇನಲ್ಲೂರಿನ ಹತ್ತಿರ ಹೊಲದಲ್ಲೇ ಮನೆ ಮಾಡಿಕೊಂಡಿರುವವಳು. ಮಗು ಅಪ್ಪ ಅಮ್ಮನ ಜೊತೆ ಕಡೂರಿನಲ್ಲಿದೆ. ದಸರಾ ರಜೆ ನನ್ನದು, ಬೇಸಿಗೆ ರಜೆ ಆಕೆಯದು ಎಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಮೊದಲ ವರ್ಷ ಹಾಗೆ ನಡೆಯಿತು, ಆಮೇಲೆ ಹಾಗೇ ಉಳಿಯಿತು. ದಸರಾ ರಜೆ ಎಷ್ಟು ಗಿಡ್ಡ, ಬೇಸಿಗೆ ರಜೆ ಎಷ್ಟು ಉದ್ದ ಎನ್ನುವುದು ಆ ಮೊದಲ ವರ್ಷ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದ ದಿನದಿಂದ ಹೊಟ್ಟೆಯುರಿ ಶುರುವಾಯಿತು.

ಹೊಟ್ಟೆಯುರಿ ಎಂದು ನೇರವಾಗಿಯೇ ಹೇಳುತ್ತೇನೆ. ನಮ್ಮ ಬೀದಿಯ ಹೆಂಗಸರು ಇದಕ್ಕೆ 'ಮೊಮ್ಮಕ್ಕಳ ಮೇಲಿನ ಆಸೆ' ಎಂದು ಸಕ್ಕರೆ ಸವರುತ್ತಾರೆ. ನನಗೆ ಆ ಸಕ್ಕರೆ ಬೇಡ. ಬೇಸಿಗೆಯಲ್ಲಿ ಮಗು ಅಲ್ಲಿರುವಷ್ಟು ದಿನವೂ ನಾನು ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಮರೆಯುತ್ತಿದ್ದೆ. ರಜೆ ಮುಗಿಸಿ ಬಂದ ಮಗುವಿನ ಕೆನ್ನೆ ತುಂಬಿಕೊಂಡಿದ್ದರೆ ಸಂತೋಷ ಪಡುವುದು ಬಿಟ್ಟು, ಅಲ್ಲೇನು ತಿನ್ನಿಸಿದರೋ ಎಂದು ಕರುಬುತ್ತಿದ್ದೆ.

ಆಕೆಯನ್ನು ಸೋಲಿಸಲೆಂದೇ ನಾನು ಪ್ಲಾಸ್ಟಿಕ್ ಮನೆ ತಂದದ್ದು. ಮಗುವಿಗೆ ಆಗ ಮೂರು ವರ್ಷ. ತರೀಕೆರೆಯಲ್ಲಿ ಒಂದು ನರ್ಸರಿ ಶಾಲೆ ಮುಚ್ಚಿ, ಅದರ ಜಾರುಬಂಡೆ, ಕುರ್ಚಿ, ಆಟದ ಸಾಮಾನನ್ನೆಲ್ಲ ಮಾರುತ್ತಿದ್ದಾರೆಂದು ಯಾರೋ ಹೇಳಿದರು. ನನ್ನ ಯಜಮಾನರಿಗೆ ಈರುಳ್ಳಿ ಮಂಡಿ. ಚೀಲ ಇಳಿಸಿ ಖಾಲಿ ಬರುತ್ತಿದ್ದ ಗಾಡಿಯಲ್ಲಿ ಆ ಮನೆ ಬಂದಿಳಿಯಿತು. ಹಳದಿ ಗೋಡೆ, ಕೆಂಪು ಮಾಡು, ನೀಲಿ ಬಾಗಿಲು, ಎರಡು ಕಿಟಕಿ. ದೊಡ್ಡವರು ಮಂಡಿಯೂರಿ ನುಗ್ಗಬೇಕು. ಹಿತ್ತಲಿನ ಹೊಂಗೆ ಮರದ ಕೆಳಗೆ ಇಟ್ಟೆವು. ಅದನ್ನು ಕಂಡ ಮಗು ಚಪ್ಪಾಳೆ ತಟ್ಟಿ ಒಳಗೆ ನುಗ್ಗಿ, ಕಿಟಕಿಯಿಂದ ಮುಖ ಹೊರಗೆ ಹಾಕಿ, "ಯಾರು ಬೇಕಿತ್ತು?" ಎಂದು ಕೇಳಿತು. "ಅಜ್ಜಿ ಕಣವ್ವಾ, ಒಳಗೆ ಬರ್ಲಾ?" ಎಂದೆ. "ಚಪ್ಪಲಿ ಬಿಟ್ಟು ಬಾ" ಎಂದಿತು. ಆ ದಿನದ ನನ್ನ ಗತ್ತು ಏನು ಹೇಳಲಿ! ಹಿರೇನಲ್ಲೂರಿನ ಹೊಲದಲ್ಲಿ ಇಂಥದ್ದೊಂದು ಇದೆಯೇನು ಎಂದು ಮನಸ್ಸಿನಲ್ಲೇ ಮೀಸೆ ತಿರುವಿದೆ.

ಆ ಗತ್ತು ನಾಲ್ಕು ದಸರಾ ಬಾಳಿತು. ಐದನೆಯ ದಸರಾಕ್ಕೆ ಬಂದ ಮಗು ಆಟದ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಲ್ಲಿ ತಲೆ ತಗುಲುವಷ್ಟು ಎತ್ತರವಾಗಿತ್ತು, ಅದು ಒಂದು. ಇನ್ನೊಂದು, ಬಾಯಿ ತೆರೆದರೆ ಕೋಳಿ. ಕೆಂದ ಕೋಳಿ ಮೊಟ್ಟೆ ಇಟ್ಟಿತು, ಕರಿ ಕೋಳಿ ಕಾವಿಗೆ ಕೂತಿತು, ಮರಿಗಳು ಚಿಪ್ಪನ್ನು ಒಳಗಿನಿಂದ ಕುಕ್ಕಿ ಒಡೆದುಕೊಂಡು ಬರುವುದನ್ನು ತಾನು ಕಣ್ಣಾರೆ ನೋಡಿದೆ ಎಂದು ಒಂದೇ ವರಾತ. ಹಿರೇನಲ್ಲೂರಿನವಳಿಗೆ 'ಕೋಳಿ ಅಜ್ಜಿ' ಎಂದು ಹೆಸರೂ ಬಿದ್ದಿತ್ತು. ನನಗೇನು ಹೆಸರು ಎಂದು ಕೇಳಿದೆ. "ನೀನು ಅಜ್ಜಂಪುರದ ಅಜ್ಜಿ" ಎಂದಿತು. ಆಕೆಗೆ ಮುದ್ದಿನ ಹೆಸರು, ನನಗೆ ಬಸ್ಸಿನ ಬೋರ್ಡು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮದು ಲಿಂಗ ಕಟ್ಟುವ ಮನೆ, ಅವರದು ಕೋಳಿ ಕೊಯ್ಯುವ ಮನೆ. ಮಗಳು ಮೆಚ್ಚಿ ಮಾಡಿಕೊಂಡ ಮದುವೆ ಅದು. ಮೊದಮೊದಲು ನಡೆದ ಜಗಳ, ಅಳು ಎಲ್ಲ ಮುಗಿದು, ಈಗ ಬೀಗರು ಬಂದರೆ ಪಡಸಾಲೆಯಲ್ಲಿ ಚಾಪೆ, ಕಾಫಿ, ಮಂಡಕ್ಕಿ ಎಲ್ಲ ಸರಾಗ. ಆದರೆ ನನ್ನ ಮಗಳು ಅತ್ತೆಯ ಹತ್ತಿರ ಕಲಿತ ಮೊಟ್ಟೆ ಸಾರನ್ನು ನನ್ನೆದುರೇ ಹೊಗಳುವಾಗ, ನಾನು ಕಲಿಸಿದ ಹುಳಿ ಎಲ್ಲಿ ಹೋಯಿತು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಮಗಳೂ ಆ ಕಡೆ, ಮೊಮ್ಮಗಳೂ ಆ ಕಡೆ. ನನ್ನ ಕಡೆ ಒಂದು ಖಾಲಿ ಪ್ಲಾಸ್ಟಿಕ್ ಮನೆ.

ದಸರಾ ಮುಗಿಸಿ ಮಗು ಕಡೂರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಯಜಮಾನರಿಗೆ ಹೇಳಿದೆ. "ನಾನು ಕೋಳಿ ಸಾಕ್ತೀನಿ ಕಣ್ರೀ."

ಅವರು ವಿಭೂತಿ ಹಚ್ಚುತ್ತಿದ್ದ ಕೈ ಹಣೆಯಲ್ಲೇ ನಿಂತಿತು. "ತಲೆ ನೆಟ್ಟಗೈತೇನೇ? ಈ ಬೀದೀಲಿ ಯಾರ ಮನೇಲಾದ್ರೂ ಕೋಳಿ ಕಂಡಿದ್ದೀಯಾ? ಸೋಮವಾರ ಅಯ್ನೋರು ಭಿಕ್ಷಕ್ಕೆ ಬತ್ತಾರೆ, ಅವ್ರಿಗೇನು ಹೇಳ್ತೀಯಾ?"

"ಕೊಯ್ಯಕ್ಕಲ್ಲ, ತಿನ್ನಕ್ಕಲ್ಲ. ಮಗು ನೋಡ್ಲಿ ಅಂತ. ಹಸು ಸಾಕಲ್ವಾ, ಹಂಗೆ."

"ಹಸೂನೂ ಕೋಳೀನೂ ಒಂದೇನಾ?"

"ಎರಡಕ್ಕೂ ಹೊಟ್ಟೆ ಐತೆ, ಎರಡಕ್ಕೂ ಜೀವ ಐತೆ" ಎಂದು ನಾನು ಅವರ ಮಠದ ಪ್ರವಚನವನ್ನು ಅವರಿಗೇ ಒಪ್ಪಿಸಿದೆ. ವಾದದಲ್ಲಿ ಸೋತಾಗ ಅವರು ಮಂಡಿಗೆ ಹೊರಟುಬಿಡುತ್ತಾರೆ. ಅವತ್ತೂ ಹೊರಟರು. ಆದರೆ ಸಂಜೆ ಬರುವಾಗ ಕೈಯಲ್ಲಿ ಒಂದು ಕಟ್ಟು ಈರುಳ್ಳಿ ಚೀಲ ಇತ್ತು, ಆ ಕೆಂಪು ಬಲೆಯಂಥವು. "ಕಿಟಕಿಗೆ ಆಗುತ್ತೇನೋ ನೋಡು" ಎಂದರು.

ಈರುಳ್ಳಿ ಚೀಲ ಕಿಟಕಿಗೆ ಚೆಂದ ಕಂಡಿತು, ಉಪಯೋಗಕ್ಕೆ ಬರಲಿಲ್ಲ. ಪಕ್ಕದ ಮನೆಯ ಬೆಕ್ಕು ಮೊದಲ ದಿನವೇ ಉಗುರು ಹಾಕಿ ಹರಿದು, ಖಾಲಿ ಮನೆಯೊಳಗೆ ಮಲಗಿ ಎದ್ದು ಹೋಯಿತು. ಬೆಕ್ಕಿಗೆ ದಾರಿಯಾದರೆ ಮುಂಗುಸಿಗೂ ದಾರಿಯೇ. ಹಾಗಾಗಿ ಕಬ್ಬಿಣದ ಜಾಲರಿ ತಂದೆವು. ಪ್ಲಾಸ್ಟಿಕ್ಕಿಗೆ ಮೊಳೆ ಹೊಡೆದರೆ ಸೀಳು ಬಿಡುತ್ತದೆ. ಸ್ಕ್ರೂಡ್ರೈವರನ್ನು ಒಲೆಯಲ್ಲಿ ಕಾಯಿಸಿ, ಗೋಡೆಗೆ ಸುಟ್ಟು ತೂತು ಮಾಡಿ, ತೂತಿನಲ್ಲಿ ತಂತಿ ತೂರಿಸಿ ಜಾಲರಿ ಬಿಗಿದೆವು. ಆ ಸುಟ್ಟ ವಾಸನೆ ದೇವರ ಮನೆಯವರೆಗೂ ಹೋಗಿ ಯಜಮಾನರು ಊದುಬತ್ತಿ ಹಚ್ಚಿದರು. ಮಾಡಿನ ಅಂಚಿನಲ್ಲಿ ಗಾಳಿಗೆಂದು ಇನ್ನೂ ಒಂದು ಸಾಲು ತೂತು. ಇಡೀ ಮನೆಯನ್ನು ಇಟ್ಟಿಗೆಯ ಮೇಲೆ ಎತ್ತಿ ಕೂರಿಸಿ, ಕೆಳಗೆ ಹಲಗೆ ಹಾಕಿ, ಸಾಮಿಲ್ಲಿನಿಂದ ತಂದ ಮರದ ಹೊಟ್ಟು ಹರಡಿದೆ. ಒಂದು ಗೋಡೆಯಿಂದ ಇನ್ನೊಂದಕ್ಕೆ ಬಿದಿರಿನ ಗಳ, ಕೋಳಿ ಕೂರುವುದಕ್ಕೆ. ಮೂಲೆಯಲ್ಲಿ ಹುಲ್ಲು ತುಂಬಿದ ಬುಟ್ಟಿ, ಮೊಟ್ಟೆ ಇಡುವುದಕ್ಕೆ. ಮಧ್ಯಾಹ್ನದ ಬಿಸಿಲು ಹೊಂಗೆಯ ನೆರಳಿನಲ್ಲೂ ಪ್ಲಾಸ್ಟಿಕ್ಕನ್ನು ಕಾಯಿಸುತ್ತದೆಂದು ಮಾಡಿನ ಮೇಲೆ ಒದ್ದೆ ಗೋಣಿಚೀಲ. ಗೋಡೆಯ ಒಳಗಡೆ ಮಗು ಹಿಂದೆಂದೋ ಮೇಣದ ಬಣ್ಣದಲ್ಲಿ ಒಂದು ಸೂರ್ಯ, ಎರಡು ಜಡೆಯ ಒಬ್ಬ ಅಜ್ಜಿಯನ್ನು ಬರೆದಿತ್ತು. ನನಗೆ ಎಂದೂ ಎರಡು ಜಡೆ ಇರಲಿಲ್ಲ. ಅದು ಯಾವ ಅಜ್ಜಿಯೋ ಎಂದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಕೋಳಿಯನ್ನು ಅಜ್ಜಂಪುರದಲ್ಲಿ ಕೊಳ್ಳಲು ಧೈರ್ಯ ಸಾಲಲಿಲ್ಲ. ಗುರುತಿನವರು ಕಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಬಸ್ಸು ಹತ್ತಿ ತರೀಕೆರೆ ಸಂತೆಗೆ ಹೋದೆ. ಸೆರಗು ತಲೆಗೆ ಎಳೆದುಕೊಂಡು, ಕಳ್ಳಸಾಮಾನು ಕೊಳ್ಳುವವಳ ಹಾಗೆ ಮೂರು ಹ್ಯಾಟೆ ಕೇಳಿದೆ. ಹ್ಯಾಟೆ ಎಂದರೆ ಮೊಟ್ಟೆಗೆ ಬಂದ ಹೆಣ್ಣು ಕೋಳಿ. ಆ ಪದವನ್ನೂ ಮೊಮ್ಮಗಳ ಬಾಯಿಂದಲೇ ಕಲಿತಿದ್ದೆ.

ಕೋಳಿ ಮಾರುವವಳು, "ಜೊತೆಗೊಂದು ಹುಂಜ ತಗಳ್ಳಿ ಅಮ್ಮಾ, ಜೋಡಿ ಚೆಂದ ಇರ್ತೈತೆ" ಎಂದಳು.

"ಬೇಡ ಕಣೇ, ಅದು ಕೂಗ್ತೈತೆ" ಎಂದೆ. ಬೆಳಗಿನ ಜಾವ ನಮ್ಮ ಹಿತ್ತಲಿನಿಂದ ಹುಂಜ ಕೂಗಿದರೆ ಬೀದಿಯವರೆಲ್ಲ ಹಾಸಿಗೆಯಲ್ಲೇ ಎದ್ದು ಕೂರುವುದಿಲ್ಲವೇ? ಮನೆಗೆ ಬಂದು ಇದನ್ನು ಹೇಳಿದಾಗ ಯಜಮಾನರು ನಕ್ಕರು. "ತನ್ನ ಕೋಳಿ ಕೂಗದಿದ್ರೆ ಬೆಳಗೇ ಆಗಲ್ಲ ಅಂತಿದ್ಲಂತೆ ಒಬ್ಬ ಮುದುಕಿ. ನೀನು ನೋಡಿದ್ರೆ ಕೂಗೋದೇ ಬೇಡ ಅಂತೀಯಲ್ಲೇ." ನಾನೂ ನಕ್ಕೆ. ನನ್ನ ಜಾಣತನ ನನಗೇ ಮೆಚ್ಚುಗೆಯಾಗಿತ್ತು.

ಕೋಳಿಗಳು ಒಗ್ಗಿಕೊಂಡವು. ಸಂಜೆಯಾದರೆ ತಾವೇ ನೀಲಿ ಬಾಗಿಲಿನಿಂದ ಒಳಗೆ ಹೋಗಿ ಗಳದ ಮೇಲೆ ಸಾಲಾಗಿ ಕೂರುತ್ತಿದ್ದವು. ಸೋಮವಾರ ಅಯ್ನೋರು ಬಂದು ಪಡಸಾಲೆಯಲ್ಲಿ ಕೂತಾಗ ಹಿತ್ತಲಿನಿಂದ ಕೊಕ್ಕೊಕ್ಕೋ ಎಂದು ಕೇಳಿದರೆ, ಯಜಮಾನರು ಕ್ಷಯ ಹಿಡಿದವರಂತೆ ಕೆಮ್ಮಿ ಅದನ್ನು ಮುಚ್ಚುತ್ತಿದ್ದರು. "ಕಷಾಯ ಮಾಡ್ಕೊಡಮ್ಮಾ ಯಜಮಾನ್ರಿಗೆ" ಎಂದು ಅಯ್ನೋರು ನನಗೆ ಹೇಳಿ ಹೋದರು. ಮೊದಲ ಮೊಟ್ಟೆಯನ್ನು ಕೈಯಲ್ಲಿ ಮುಟ್ಟಲಾರದೆ ಸೌಟಿನಲ್ಲಿ ಎತ್ತಿದೆ. ಆ ಸೌಟು ಮತ್ತೆ ಅಡುಗೆಮನೆಗೆ ಬರಲಿಲ್ಲ. ಮೊದಲಿನ ಮೊಟ್ಟೆಗಳನ್ನೆಲ್ಲ ಕಡೂರಿಗೆ ಹೋಗುವವರ ಕೈಯಲ್ಲಿ ಮಗಳಿಗೆ ಕಳಿಸಿದೆ. ಫೋನಿನಲ್ಲಿ ಅವಳ ನಗು ನಿಲ್ಲಲೇ ಇಲ್ಲ.

ಬೇಸಿಗೆ ಹತ್ತಿರ ಬಂದಾಗ ಕಂದು ಕೋಳಿ ಬುಟ್ಟಿ ಬಿಟ್ಟು ಏಳದಾಯಿತು. ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ರೆನ್ನುತ್ತಿತ್ತು. ಫೋನಿನಲ್ಲಿ ಕೇಳಿದ ಮಗು ಕಿರುಚಿತು. "ಅಜ್ಜಿ, ಅದು ಕಾವಿಗೆ ಕೂತಿದೆ! ಮೊಟ್ಟೆ ಇಡು, ಮೂರು ವಾರಕ್ಕೆ ಮರಿ!" ಇಟ್ಟೆ. ಮೂರೂ ಕೋಳಿಗಳ ಮೊಟ್ಟೆಗಳನ್ನು, ಸೌಟಿನಲ್ಲೇ.

ಆಮೇಲೆ ಮಗುವಿಗೆ ಆಸೆ ಹಚ್ಚಿದೆ. ಮರಿಗಳು ಹೊರಗೆ ಬರುವ ಹೊತ್ತಿಗೆ ನಿನಗೆ ರಜೆ, ಮೊದಲು ಇಲ್ಲಿಗೆ ಬಾ ಎಂದೆ. ಮಗು ಯೋಚಿಸಿ, ಅಮಲ್ದಾರರ ಹಾಗೆ ತೀರ್ಪು ಕೊಟ್ಟಿತು. "ಮರಿ ಬಂದ್ರೆ ರಜೆಯೆಲ್ಲಾ ಅಲ್ಲೇ ಇರ್ತೀನಿ. ಬರದಿದ್ರೆ ಕೋಳಿ ಅಜ್ಜಿ ಮನೆಗೆ."

ಇಡೀ ಬೇಸಿಗೆ! ನಾನು ಕುಣಿಯುವುದೊಂದು ಬಾಕಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರಂತೆ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು. ಮರಿಗಳಿಗೆಂದು ನುಚ್ಚು ಕೇರಿ ಡಬ್ಬಿ ತುಂಬಿಸಿಟ್ಟೆ, ತಗ್ಗಿನ ತಟ್ಟೆ ತಂದಿಟ್ಟೆ. ಹಿರೇನಲ್ಲೂರಿನಲ್ಲಿ ಮಗುವಿಲ್ಲದ ಬೇಸಿಗೆ ಹೇಗಿರುತ್ತದೆ ಎಂದು ಆಕೆಗೂ ಒಮ್ಮೆ ಗೊತ್ತಾಗಲಿ ಎಂದುಕೊಂಡೆ. ಎಂದುಕೊಂಡಾಗ ಹೊಟ್ಟೆ ತಣ್ಣಗಾಯಿತು.

ಮಗು ಬಂತು. ಚೀಲ ಎಸೆದು ಹಿತ್ತಲಿಗೆ ಓಡಿತು. ಮೂರು ವಾರ ಮುಗಿದಿತ್ತು. ಅವತ್ತು ಮರಿ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಮಗು ತಿಂಡಿ ತಟ್ಟೆಯನ್ನು ಆ ನೀಲಿ ಬಾಗಿಲ ಮುಂದೆಯೇ ಇಟ್ಟುಕೊಂಡು ಕೂತಿತು. ಜಾಲರಿಗೆ ಕಿವಿ ಹಚ್ಚಿ, "ಕೀ ಅನ್ನೋ ಸದ್ದೇ ಇಲ್ವಲ್ಲ ಅಜ್ಜಿ" ಎಂದಿತು. ಅದರ ಮುಖ ದಿನದಿನಕ್ಕೆ ಚಿಕ್ಕದಾಗುತ್ತಿತ್ತು. ಆ ಕೋಳಿಯೂ ಪಾಪ, ನೀರಿಗೂ ಸರಿಯಾಗಿ ಏಳದೆ ಕೂತಿತ್ತು.

ಒಂದು ಬೆಳಿಗ್ಗೆ ಮಗು ಹಿರೇನಲ್ಲೂರಿಗೆ ಫೋನ್ ಹಚ್ಚಿತು. ಸ್ಪೀಕರ್ ಹಾಕಿತ್ತು. ನಾನು ಬೇಳೆ ಆರಿಸುತ್ತಾ ಕಿವಿ ನೆಟ್ಟಿದ್ದೆ. ಮಗು ಎಲ್ಲವನ್ನೂ ಹೇಳಿತು. ಮರಿ ಬಾರದಿದ್ದರೆ ಭಾನುವಾರ ಅಲ್ಲಿಗೇ ಬರುವುದಾಗಿಯೂ ಹೇಳಿತು.

"ಹುಂಜ ಯಾವ ಬಣ್ಣದ್ದವ್ವಾ?" ಆಕೆಯ ಧ್ವನಿ.

"ಹುಂಜ ಇಲ್ಲ ಕೋಳಿ ಅಜ್ಜಿ. ಕೂಗುತ್ತೆ ಅಂತ ಅಜ್ಜಿ ತರಲಿಲ್ಲ."

"ಹಂಗಾ. ಅಜ್ಜಿ ಕೈಗೆ ಫೋನ್ ಕೊಡವ್ವಾ, ನೀನು ಹೋಗಿ ಕೋಳಿಗೆ ನೀರಿಡು" ಎಂದಳು.

ಸ್ಪೀಕರ್ ಆರಿಸಿ ಫೋನ್ ಕಿವಿಗಿಟ್ಟುಕೊಂಡೆ. "ಅಕ್ಕಾವ್ರೇ, ಹುಂಜ ಇಲ್ದಿದ್ರೂ ಕೋಳಿ ಮೊಟ್ಟೆ ಇಡ್ತೈತೆ. ಆದ್ರೆ ಅದ್ರಾಗೆ ಮರಿ ಆಗಕ್ಕಿಲ್ಲ" ಎಂದಳು ಆಕೆ ಮೆಲ್ಲಗೆ.

ಹಸುವಿಗೆ ಹೋರಿ ಬೇಕೆನ್ನುವುದು ಗೊತ್ತಿದ್ದ, ಮೂರು ಮಕ್ಕಳನ್ನು ಹೆತ್ತ ನನಗೆ ಇದು ಹೊಳೆದಿರಲಿಲ್ಲ. ಮೊಟ್ಟೆ ತಾನಾಗಿಯೇ ಬಂತಲ್ಲ, ಮರಿಯೂ ಹಾಗೇ ಬರುತ್ತದೆ ಎಂದುಕೊಂಡಿದ್ದೆ. ಆಕೆ ನಗುತ್ತಾಳೆಂದು ಕಾದೆ. ನಕ್ಕಿದ್ದರೆ ಚೆನ್ನಾಗಿತ್ತು, ಬೈದುಕೊಂಡು ಹಗುರಾಗುತ್ತಿದ್ದೆ. ಆಕೆ ನಗಲಿಲ್ಲ. "ಮಗೂಗೆ ಏನೂ ಹೇಳ್ಬ್ಯಾಡಿ. ನಾಳೆ ಸಂಜೆ ಬತ್ತೀನಿ. ದೀಪ ಹಚ್ಚೋ ಹೊತ್ನಲ್ಲಿ ಮಗೂನ ಎಲ್ಲಿಗಾದ್ರೂ ಕಳ್ಸಿ" ಎಂದಳು.

ಮಾರನೆಯ ಸಂಜೆ ಯಜಮಾನರು ಮಗುವನ್ನು ರೈಲು ನೋಡಲು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಆಕೆ ಬಸ್ಸಿಳಿದು ಬಂದಳು. ಕಂಕುಳಲ್ಲಿ ಸೆರಗು ಮುಚ್ಚಿದ ಬುಟ್ಟಿ. ಬಾಗಿಲಲ್ಲಿದ್ದ ಮಗುವಿನ ಇನ್ನೊಂದು ಜೊತೆ ಚಪ್ಪಲಿಯನ್ನು ನೋಡಿ ಒಂದು ಕ್ಷಣ ನಿಂತಳು. ಪಡಸಾಲೆಯಲ್ಲಿ ಚಾಪೆ ಹಾಕಿದ್ದೆ. ಆಕೆ ಕೂರದೆ, "ಹಿತ್ಲು ಯಾವ ಕಡೆ ಅಕ್ಕಾವ್ರೇ?" ಎಂದಳು. ಮಗಳ ಮದುವೆಯಾದ ಇಷ್ಟು ವರ್ಷಗಳಲ್ಲಿ ಆಕೆ ನಮ್ಮ ಪಡಸಾಲೆ ದಾಟಿ ಒಳಗೆ ಬಂದದ್ದು ಅವತ್ತೇ ಮೊದಲು. ಹಿತ್ತಲಿಗೆ ಅಡುಗೆಮನೆಯನ್ನು ಹಾದೇ ಹೋಗಬೇಕು. ಹೋದಳು.

ಬುಟ್ಟಿಯಲ್ಲಿ ಹಳೆಯ ಸೀರೆಯ ತುಂಡಿನ ಮೇಲೆ ಐದು ಮರಿ. ಹಿಂದಿನ ದಿನ ಆಕೆಯ ಕರಿ ಕೋಳಿ ಮಾಡಿದ್ದ ಮರಿಗಳಲ್ಲಿ ಐದನ್ನು ಎತ್ತಿ ತಂದಿದ್ದಳು. ಆಟದ ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಾಗಿಲಿನಿಂದ ಕೈ ತೂರಿಸಿ, ಕಂದು ಕೋಳಿಯ ಹೊಟ್ಟೆಯ ಕೆಳಗಿನಿಂದ ನನ್ನ ಮೊಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದಳು. ಅದೇ ಜಾಗಕ್ಕೆ ಮರಿಗಳನ್ನು ಒಂದೊಂದಾಗಿ ತೂರಿಸಿದಳು. ಕತ್ತಲಾಗುವಾಗ ಇಟ್ಟರೆ ಬೆಳಗಾಗುವಷ್ಟರಲ್ಲಿ ಕೋಳಿ ತನ್ನವೇ ಎಂದು ಒಪ್ಪಿಕೊಳ್ಳುತ್ತದಂತೆ. ಕೋಳಿ ಒಮ್ಮೆ ಗುರ್ರೆಂದಿತು, ಆಮೇಲೆ ನಾನು ಎಂದೂ ಕೇಳದ ಒಂದು ಸಣ್ಣ ಧ್ವನಿ ತೆಗೆದು ರೆಕ್ಕೆ ಅಗಲಿಸಿತು.

ಮುಗಿಯಿತು ಎಂದುಕೊಂಡೆ. ಆಕೆ ಸೊಂಟದ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಒಡೆದ ಮೊಟ್ಟೆಯ ಚಿಪ್ಪುಗಳು. ಮರಿಗಳು ಹೊರಗೆ ಬಂದ ಚಿಪ್ಪುಗಳನ್ನೂ ಜೋಪಾನವಾಗಿ ಹೊತ್ತು ತಂದಿದ್ದಳು. "ಬರೀ ಮರಿ ಇದ್ರೆ ಅದು ನಂಬಕ್ಕಿಲ್ಲ, ಬಲೇ ಘಾಟಿ. ಚಿಪ್ಪು ಎಲ್ಲಿ ಅಂತ ಮೊದ್ಲು ಕೇಳ್ತೈತೆ" ಎಂದು ಹುಲ್ಲಿನ ಮೇಲೆ ಉದುರಿಸಿದಳು. ನನಗೆ ಆ ಮಗುವನ್ನು ತೊಡೆಯ ಮೇಲೆ ಆಡಿಸಿದ್ದು ಗೊತ್ತು. ಅದು ಚಿಪ್ಪು ಎಲ್ಲಿ ಎಂದು ಕೇಳುತ್ತದೆನ್ನುವುದು ಗೊತ್ತಿರಲಿಲ್ಲ.

ಕೊಳೆತ ಮೊಟ್ಟೆಗಳನ್ನೂ ಬುಟ್ಟಿಗೆ ತುಂಬಿಕೊಂಡಳು, ದಾರಿಯಲ್ಲಿ ಎಸೆಯಲು. ನಾನು ಕಾಫಿ ತಂದೆ. ನಿಂತೇ ಕುಡಿದಳು.

"ಸ್ವಲ್ಪ ಹೊತ್ತು ಇರಿ, ಮಗು ಬರುತ್ತೆ. ನೋಡ್ಕೊಂಡು ಹೋಗಿ" ಎಂದೆ.

"ಬ್ಯಾಡಿ. ನನ್ನ ಕಂಡ್ರೆ ಗುಟ್ಟು ರಟ್ಟಾಯ್ತೈತೆ."

"ಮರಿ ಬಂದ್ರೆ ರಜೆಯೆಲ್ಲಾ ಇಲ್ಲೇ ಇರ್ತೀನಿ ಅಂದಿದೆ" ಎಂದೆ. ಯಾಕೆ ಹೇಳಿದೆನೋ. ಆಕೆಗೆ ಅದು ಗೊತ್ತಿದೆಯೋ ಇಲ್ಲವೋ ತಿಳಿಯಬೇಕಿತ್ತು.

"ನಂಗೂ ಅಂದೈತೆ." ತಂತಿಯ ಮೇಲೆ ಒಣಗಿದ್ದ ಮಗುವಿನ ಫ್ರಾಕನ್ನು ಎಳೆದು, ಮಡಿಚಿ, ಮಡಿಕೆಯ ಮೇಲೆ ಅಂಗೈ ಎಳೆದು ನನ್ನ ಕೈಗಿಟ್ಟಳು. "ಹೊಟ್ಟೆ ಉರೀತೈತೆ ಕಣಕ್ಕಾ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದು ಫೋನ್ನಾಗೆ ಅಳು ನುಂಗ್ಕಂಡು ಮಾತಾಡ್ತು. ಕೇಳ್ಕಂಡು ಹೆಂಗೆ ಸುಮ್ನಿರ್ಲಿ?" ಬೀರೂರು ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ಹೊರಟುಹೋದಳು. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು, ಮಗು ಭಾನುವಾರ ತಾನಾಗಿಯೇ ಆಕೆಯ ಮನೆ ಸೇರುತ್ತಿತ್ತು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಮಗುವಿನ ಕೂಗು. ಹುಂಜ ಕೂಗಿದ್ದರೂ ಬೀದಿಗೆ ಅಷ್ಟು ಕೇಳಿಸುತ್ತಿರಲಿಲ್ಲ. ಕಂದು ಕೋಳಿಯ ರೆಕ್ಕೆಯ ಸಂದಿಯಿಂದ ಎರಡು ತಲೆ ಇಣುಕುತ್ತಿದ್ದವು. ಮಗು ಹುಲ್ಲು ಕೆದಕಿ ಮೊದಲು ಚಿಪ್ಪು ಹುಡುಕಿತು, ಸಿಕ್ಕಿದ್ದನ್ನು ಅಂಗೈಯಲ್ಲಿಟ್ಟು ನೋಡಿ ತೃಪ್ತಿಪಟ್ಟಿತು. ಆಮೇಲೆ ನನ್ನ ಸೊಂಟ ತಬ್ಬಿಕೊಂಡಿತು. ಯಜಮಾನರು ಜಗಲಿಗೆ ಹೋಗಿ ಮೂಗು ಸೀಟಿದರು.

ಹಿರೇನಲ್ಲೂರಿಗೆ ಫೋನ್ ಹೋಯಿತು. ಸ್ಪೀಕರಿನಲ್ಲೇ.

"ಕೋಳಿ ಅಜ್ಜಿ, ಮರಿ ಬಂತು! ಐದು!"

"ಹೌದೇನವ್ವಾ! ಯಾವ್ಯಾವ ಬಣ್ಣ?" ಐದನ್ನೂ ತನ್ನ ಕೈಯಾರೆ ಆರಿಸಿದ್ದವಳು, ಏನೂ ಅರಿಯದವಳ ಹಾಗೆ ಒಂದೊಂದನ್ನೇ ಕೇಳಿ ಕೇಳಿ ಬೆರಗಾದಳು.

"ನಾನು ರಜೆಯೆಲ್ಲಾ ಇಲ್ಲೇ ಇರ್ತೀನಿ. ಗೊತ್ತಾ, ಅಜ್ಜಂಪುರದ ಅಜ್ಜಿನೇ ನಿನಗಿಂತ ಬೆಸ್ಟು. ಹುಂಜ ಇಲ್ದೇನೇ ಮರಿ ಮಾಡ್ಸಿದ್ರು!"

ಐದು ವರ್ಷ ನಾನು ಕಾದಿದ್ದ ಮಾತು ಅದು. ಅದಕ್ಕಾಗಿ ಪ್ಲಾಸ್ಟಿಕ್ ಮನೆ ತಂದೆ, ಅದಕ್ಕಾಗಿ ಬೀದಿಯ ಕಣ್ಣು ತಪ್ಪಿಸಿ ಕೋಳಿ ತಂದೆ. ಈಗ ಬಂತು, ಆಕೆ ಕೇಳಿಸಿಕೊಳ್ಳುತ್ತಿದ್ದಾಗಲೇ ಬಂತು. ನಾನು ಫೋನಿನ ಕಡೆಯೇ ನೋಡುತ್ತಾ ನಿಂತೆ.

"ಹೂ ಕಣವ್ವಾ" ಎಂದಳು ಆಕೆ, ಸ್ವಲ್ಪವೂ ತಡವರಿಸದೆ. "ಆ ಅಜ್ಜಿನೇ ಮೇಲು. ನಂಗೆ ಅದೆಲ್ಲಾ ಬರಕ್ಕಿಲ್ಲ."

ಕೋಳಿಗಾಗಿ, ಬೇಸಿಗೆಗಾಗಿ, ಮಗಳ ಮೊಟ್ಟೆ ಸಾರಿಗಾಗಿ ಆಕೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದೆಲ್ಲ ಅವತ್ತು ಏನೂ ಅಲ್ಲ ಎನಿಸಿತು. ಆ ಒಂದು ಮಾತನ್ನು ಆಕೆ ಹೇಳಿದ ರೀತಿಗೆ ನನಗೆ ಹುಟ್ಟಿದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.